ಒಂದು ಆಮೆನ್ ಕಡಿಮೆ

ಆ ಮನೆಯಲ್ಲಿ ರಾತ್ರಿಯೂಟಕ್ಕೆ ಮುಂಚೆ ಬೈಬಲಿನ ವಾಕ್ಯ ಓದಬೇಕು. ಓದದೆ ಯಾರೂ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ದಿನಕ್ಕೊಬ್ಬರ ಸರದಿ. ಸರದಿಯವರು ಎಲ್ಲಿಂದ ಬೇಕಾದರೂ ಓದಬಹುದು. ಓದಿದ್ದರ ಮೇಲೆ ಮಾತ್ರ ಯಾರೂ ತುಟಿ ಬಿಚ್ಚಬಾರದು, ಏಕೆಂದರೆ ಅದು ದೇವರ ಮಾತು. ಎಲ್ಲರೂ ಆಮೆನ್ ಅನ್ನಬೇಕು, ಆಮೇಲೆ ಬಡಿಸಿಕೊಳ್ಳಬೇಕು. ಈ ಕಟ್ಟಳೆ ಮಾಡಿದವರು ಅಜ್ಜಿಯ ಗಂಡ, ಈಗಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಎದುರುತ್ತರ ಕೊಡಲಾಗದ ಮಾತು ಕೈಗೆ ಸಿಕ್ಕಿದರೆ ಮನೆಮಂದಿ ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ಈಗಿನ ಯಜಮಾನರು ಅಜ್ಜಿಯ ಮಗ. ಅವರ ಮಗ ಗ್ಯಾರೇಜಿಗೆ ತಡವಾಗಿ ಹೋದ ದಿನ ಅವರ ಓದಿನಲ್ಲಿ ಸೋಮಾರಿಯು ಇರುವೆಯ ಹತ್ತಿರ ಬುದ್ಧಿ ಕಲಿಯಬೇಕಾದ ಭಾಗ ಬರುತ್ತಿತ್ತು. ಮಗಳು ಹೊಸ ಬಳೆ ತಂದರೆ ಹೆಂಗಸರಿಗೆ ಒಳಗಿನ ಅಲಂಕಾರವೇ ಮುಖ್ಯ ಎಂಬ ಭಾಗ. ಹೆಂಡತಿ ಗ್ಯಾಸು ಮುಗಿದದ್ದಕ್ಕೆ ಗೊಣಗಿದರೆ, ಜಗಳಗಂಟಿಯ ಜೊತೆ ಇರುವುದಕ್ಕಿಂತ ಮಾಳಿಗೆಯ ಮೂಲೆಯೇ ಲೇಸು ಎಂಬ ಭಾಗ. ಹೆಂಡತಿಯೇನು ಕಡಿಮೆಯಲ್ಲ. ತನ್ನ ಸರದಿ ಬರಲಿ ಎಂದು ಕಾದು, ಗಂಡಂದಿರು ಹೆಂಡತಿಯರ ಮೇಲೆ ಕಹಿಯಾಗಿರಬಾರದು ಎಂಬುದನ್ನು ನಿಧಾನವಾಗಿ, ಎರಡು ಸಲ ಓದುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಆದರೂ ಯಾವ ಅಧ್ಯಾಯ, ಯಾವ ವಚನ ಎಂದು ಬಾಯಲ್ಲೇ ಹೇಳಿ ಮೊಮ್ಮಗಳಿಂದ ಓದಿಸುವರು. ನರೆಗೂದಲಿನವರ ಮುಂದೆ ಎದ್ದು ನಿಲ್ಲಬೇಕು ಎಂಬ ಮಾತು ಅವರಿಂದ ಅದೆಷ್ಟು ಸಲ ಬಂದಿತ್ತೋ. ಪೆಟ್ಟು ತಿಂದವರು ತಟ್ಟೆ ನೋಡುತ್ತ ಆಮೆನ್ ಅನ್ನುತ್ತಿದ್ದರು. ಒಮ್ಮೆ ಮಗ ತನ್ನ ಸರದಿಯಲ್ಲಿ, ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದುಹಾಕು ಎಂಬುದನ್ನು ಅಪ್ಪನಿಗೆಂದೇ ಹುಡುಕಿ ಓದಿದ. ಅಪ್ಪ ಅದು ಹೆಂಡತಿಗೆ ಎಂದುಕೊಂಡು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು.

ಈ ಯಜಮಾನರನ್ನು ಬೀದಿಯವರು ಹಲ್ಲಿನ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರಲ್ಲ, ಹಲ್ಲು ಕಟ್ಟುವವರು. ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸಿದರೆ ಇವರು ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಸಡು ಕೂರಿಸಿ, ಹಲ್ಲು ಜೋಡಿಸಿ, ಅರದಿಂದ ಉಜ್ಜಿ, ಹೊಳಪು ಕೊಟ್ಟು ಕಳಿಸುವರು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಯ ಹಲಗೆಗಳ ಮೇಲೆ ಬಿಳಿ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಯಾರ ಬಾಯಿ ಎಂದು ಗೊತ್ತಿಲ್ಲದಿದ್ದರೂ ಮೇಷ್ಟ್ರು ಅಚ್ಚು ನೋಡಿ, ಇವನು ಬಲಗಡೆಯಿಂದ ಮಾತ್ರ ಅಗಿಯುತ್ತಾನೆ, ಇವಳಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಎಂದು ಹೇಳಿಬಿಡುತ್ತಿದ್ದರು. ತಪ್ಪುತ್ತಿರಲಿಲ್ಲ. ಮೇಷ್ಟ್ರು ಎಂಬ ಹೆಸರು ಬಂದದ್ದು ಕಂಡವರನ್ನೆಲ್ಲ ತಿದ್ದುವ ಚಾಳಿಯಿಂದ. ಆ ವರ್ಷ ಅವರ ಚರ್ಚಿನ ಸಭೆಯ ಹಿರಿಯರ ಸ್ಥಾನಕ್ಕೆ ಅವರ ಹೆಸರು ಕೇಳಿಬರುತ್ತಿತ್ತು. ಹಿರಿಯನಾಗುವವನು ತನ್ನ ಮನೆಯನ್ನು ಚೆನ್ನಾಗಿ ಆಳುವವನಾಗಿರಬೇಕು ಎಂದು ವಾಕ್ಯವಿದೆ. ಮೇಷ್ಟ್ರಿಗೆ ಅದು ಬಾಯಿಪಾಠ.

ಹೀಗಿರುವಾಗ ಒಂದು ಮಧ್ಯಾಹ್ನ ಅವರ ತಂಗಿ ಒಂದೇ ಬ್ಯಾಗು ಹಿಡಿದುಕೊಂಡು ಬಂದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಬಾತ್‌ರೂಮಿನಲ್ಲಿ ಜಾರಿದೆ ಅಣ್ಣ," ಅಂದಳು.

"ಎಲ್ಲಿ, ತೋರಿಸು. ಇಲ್ಲಿ ಬೆಳಕಿಗೆ ಬಾ."

ಅವಳು ಕೆಲಸದ ಕುರ್ಚಿಯಲ್ಲಿ ಕೂತು ಸೆರಗು ಸರಿಸಿದಳು. ಮುಂದಿನ ಸಾಲಿನಲ್ಲಿ ಎರಡು ಕಡೆ ಹಲ್ಲಿರಲಿಲ್ಲ. ಮೇಷ್ಟ್ರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಬಗ್ಗಿದರು. ಬಲಗಡೆಯ ಜಾಗ ಇನ್ನೂ ಹಸಿಯಾಗಿತ್ತು, ಕೆಂಪಗೆ ಊದಿತ್ತು. ಎಡಗಡೆಯದು ಹಾಗಿರಲಿಲ್ಲ. ಅಲ್ಲಿ ಒಸಡು ಯಾವತ್ತೋ ಮಾಗಿ ನುಣ್ಣಗಾಗಿತ್ತು, ಪಕ್ಕದ ಹಲ್ಲು ಖಾಲಿ ಜಾಗದ ಕಡೆಗೆ ವಾಲಿತ್ತು. ಹಲ್ಲು ಹಾಗೆ ವಾಲಬೇಕಾದರೆ ಕಾಲ ಹಿಡಿಯುತ್ತದೆ. ಇದನ್ನು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾವಾಗ ಬಿದ್ದೆ?"

"ಮೊನ್ನೆ."

"ಎರಡೂ ಒಂದೇ ಸಲಾನಾ?"

ಅವಳು ಅಣ್ಣನ ಮುಖವನ್ನೇ ನೋಡಿದಳು. ಇನ್ನೊಂದು ಸಲ ಕೇಳಲಿ ಎಂದು ಕಾಯುತ್ತಿದ್ದಳೋ ಏನೋ. ಆಮೇಲೆ "ಹೂಂ," ಅಂದಳು.

ಮೇಷ್ಟ್ರಿಗೆ ಆ ಹೂಂ ಸಾಕಾಯಿತು. ಕೆದಕಿದರೆ ಉತ್ತರ ಬರುತ್ತದೆ, ಬಂದರೆ ಏನಾದರೂ ಮಾಡಬೇಕಾಗುತ್ತದೆ. ಆ ಸಂಬಂಧ ಕುದುರಿಸಿದವರೇ ಅವರು. ಬೇರೆ ಊರಿನ ಸಭೆಯಲ್ಲಿ ಹಾಡು ನಡೆಸುವವನು, ಕೊರಳೆತ್ತಿದರೆ ಮುದುಕರ ಕಣ್ಣಲ್ಲೂ ನೀರು ಬರಬೇಕು, ಅಂಥ ಗಂಡನ್ನು ತಂಗಿಗೆ ಹುಡುಕಿಕೊಟ್ಟೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದರು. ಅವರು ಅಚ್ಚಿನ ಹಿಟ್ಟು ಕಲಸಿ ಅವಳ ಬಾಯಿಗಿಟ್ಟರು. "ಕಚ್ಚು," ಅಂದರು. "ಅಲುಗಾಡಬೇಡ. ಬಿಡು ಈಗ."

ತಂಗಿ ಮೇಷ್ಟ್ರ ಮಗಳ ಕೋಣೆಯಲ್ಲಿ ಉಳಿದುಕೊಂಡಳು. ಮೊದಲ ವಾರ ಎಲ್ಲರೂ ಅವಳ ಹಿಂದೆ ಮುಂದೆ ಓಡಾಡಿದರು. ಹೆಂಡತಿ ಬ್ರೆಡ್ಡಿನ ಅಂಚು ಕತ್ತರಿಸಿ ಹಾಲಿನಲ್ಲಿ ನೆನೆಸಿಕೊಟ್ಟಳು. ಆಲೂಗಡ್ಡೆ ಕಿವುಚಿ ಬೆಣ್ಣೆ ಹಾಕಿದಳು. ಅಜ್ಜಿ ತಮ್ಮ ಪಾಲಿನ ಸೂಪನ್ನು ಊರಿಂದ ಬಂದ ಮಗಳ ಬಟ್ಟಲಿಗೆ ಬಗ್ಗಿಸಿದರು. ಮೇಷ್ಟ್ರು ಎಲ್ಲ ಕೆಲಸ ಬದಿಗಿಟ್ಟು ಹಲ್ಲು ಕಟ್ಟಿದರು. ಬಣ್ಣದ ಮಾದರಿಗಳನ್ನು ಅವಳ ತುಟಿಯ ಹತ್ತಿರ ಹಿಡಿದು ಹಿಡಿದು ನೋಡಿ, ಎಳೆ ಹಳದಿಯ ಒಂದು ಛಾಯೆಯನ್ನೂ ಬಿಡದೆ ಕೂಡಿಸಿದರು. ಹಾಕಿಕೊಂಡು ನಕ್ಕರೆ ಹೆತ್ತ ತಾಯಿಗೂ ಗೊತ್ತಾಗಬಾರದು, ಹಾಗಿತ್ತು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯ ವಾರ ಕಳೆಯಿತು, ಮೂರನೆಯದು ಬಂತು. ಅವಳು ವಾಪಸು ಹೋಗುವ ಮಾತೆತ್ತಲಿಲ್ಲ. ಒಲೆ ಒರೆಸಿದಳು, ಪಾತ್ರೆ ಬೆಳಗಿದಳು, ಎಲ್ಲರ ಬಟ್ಟೆ ಇಸ್ತ್ರಿ ಮಾಡಿದಳು. ಮಗನ ಗ್ಯಾರೇಜಿನ ಅಂಗಿಗೂ ಮಡಿಕೆ ಬಿತ್ತು. ಒಂದು ಮನೆಗೆ ಒಬ್ಬ ಮನುಷ್ಯ ಹೆಚ್ಚಾದರೆ ಎಲ್ಲಿ ಬಿಗಿಯುತ್ತದೋ ಅಲ್ಲಿ ಬಿಗಿಯತೊಡಗಿತು.

"ಬೆಳಿಗ್ಗೆ ಬಾತ್‌ರೂಮು ಸಿಗಲ್ಲ ನಂಗೆ," ಎಂದ ಮಗ.

"ನೀನು ಏಳೋ ಹೊತ್ತಿಗೆ ಎಲ್ಲರ ಸ್ನಾನಾನೂ ಆಗಿರುತ್ತಲ್ಲೋ," ಎಂದಳು ಮಗಳು.

"ಅತ್ತೆ ಯಾಕೆ ಚಿಲಕ ಹಾಕಿದ ಮೇಲೆ ಬಕೆಟ್ಟೂ ಅಡ್ಡ ಇಡ್ತಾರೆ?"

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಿಂದ ಕಾಲೆಳೆದುಕೊಂಡು ಬಂದಿದ್ದಳು. "ತಿನ್ನೋದು ಮುಗಿಸಿ ತಟ್ಟೆ ಎತ್ತಿಡು," ಎಂದಷ್ಟೇ ಅಂದಳು.

ತಂಗಿಯ ಗಂಡ ದಿನಾ ಮೇಷ್ಟ್ರಿಗೆ ಫೋನು ಮಾಡುತ್ತಿದ್ದ. ಬಹಳ ಮರ್ಯಾದೆಯ ಮಾತು. "ನಾನು ಎಲ್ಲ ಕ್ಷಮಿಸಿದೀನಿ ಭಾವ. ಅವಳು ಬಂದರೆ ಸಾಕು. ಜನ ಕೇಳ್ತಾರಲ್ಲ, ಏನು ಹೇಳಲಿ?" ಯಾವುದನ್ನು ಕ್ಷಮಿಸಿದ ಎಂದು ಮೇಷ್ಟ್ರು ಕೇಳಲಿಲ್ಲ. ಮೊದಲ ಫೋನು ಬಂದ ಸಂಜೆಯಿಂದ ಅವರ ಸರದಿಯ ಓದು ತಂಗಿಯ ಕಡೆಗೆ ತಿರುಗಿತು. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು. ಹೆಂಡತಿಯರು ತಮ್ಮ ಗಂಡಂದಿರಿಗೆ ತಗ್ಗಿ ನಡೆಯಬೇಕು. ಒಂದೊಂದು ಪದವನ್ನೂ ತೂಗಿ ಇಡುವ ಹಾಗೆ ಓದಿ, ಪುಸ್ತಕ ಮುಚ್ಚಿ, ಕಾಯುವರು. ಅಣ್ಣ ಕಟ್ಟಿಕೊಟ್ಟ ಹಲ್ಲುಗಳ ಮಧ್ಯದಿಂದ ತಂಗಿ ಆಮೆನ್ ಅನ್ನುವಳು. ಯಾರಿಗೂ ಅದು ಹಿಡಿಸುತ್ತಿರಲಿಲ್ಲ. ಆದರೆ ಓದಿದ್ದರ ಮೇಲೆ ಮಾತಾಡುವ ಹಾಗಿಲ್ಲವಲ್ಲ.

ಗುರುವಾರದ ಸರದಿಯನ್ನು ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ತಂಗಿಗೆ ಬಿಟ್ಟುಕೊಟ್ಟಿದ್ದರು. ಅವತ್ತು ಎಲ್ಲರೂ ಕಿವಿ ನಿಮಿರಿಸಿ ಕೂತರು. ಅಣ್ಣನಿಗೆ ಯಾವುದನ್ನು ಎಸೆಯುತ್ತಾಳೆ ಎಂದು ಮಗ ಅಕ್ಕನ ಜೊತೆ ಐಸ್‌ಕ್ರೀಮಿನ ಪಂಥ ಕೂಡ ಕಟ್ಟಿದ್ದ. ತಂಗಿ ಪುಸ್ತಕ ತೆರೆದು, ದೇವರ ಗುಡಾರಕ್ಕೆ ಹೊಲಿಯಬೇಕಾದ ಪರದೆಗಳ ಅಳತೆ ಓದಿದಳು. ಪರದೆಯ ಉದ್ದ ಇಷ್ಟು ಮೊಳ, ಅಗಲ ಇಷ್ಟು, ಅಂಚಿಗೆ ಇಷ್ಟು ಕುಣಿಕೆ. ಮುಂದಿನ ಗುರುವಾರ ಯಾರು ಯಾರನ್ನು ಹೆತ್ತರು ಎಂಬ ಪಟ್ಟಿ. ಅದರ ಮುಂದಿನ ವಾರ, ಕೆಡವಿಹಾಕಿದ್ದ ಪಟ್ಟಣದ ಗೋಡೆಯನ್ನು ಜನ ಮತ್ತೆ ಕಟ್ಟಿದ ಲೆಕ್ಕ. ಇಲ್ಲಿಂದ ಇಲ್ಲಿಯವರೆಗೆ ಇಂಥವನು ಕಟ್ಟಿದನು, ಅವನ ಪಕ್ಕದಲ್ಲಿ ಇಂಥವನು, ಅವನ ಪಕ್ಕದಲ್ಲಿ ಮತ್ತೊಬ್ಬನು. ಅರ್ಧಕ್ಕೆ ನಿಲ್ಲಿಸಿ, ಒಂದು ದಾರದೆಳೆ ಇಟ್ಟು ಮುಚ್ಚಿದಳು.

"ಇದೇನು, ಕಂಟ್ರಾಕ್ಟರ ಕಥೆ," ಎಂದು ಮಗ ಮೆಲ್ಲಗೆ ಅಂದ. ಅಕ್ಕ ಮೇಜಿನ ಕೆಳಗೆ ಒದ್ದಳು.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಹೆಂಡತಿ ಕೇಳಿಯೇಬಿಟ್ಟಳು. "ಅಲ್ಲ ಕಣೇ, ಅವರು ಅಷ್ಟೆಲ್ಲ ಓದ್ತಾರೆ. ನಿನಗೂ ತಿರುಗಿ ಕೊಡೋ ಅಂಥದ್ದು ಬೇಕಾದಷ್ಟಿದೆ. ಬೇಕಾದ್ರೆ ನಾನೇ ಹುಡುಕಿಕೊಡ್ತೀನಿ. ನೀನು ಯಾಕೆ ಮೊಳ, ಗೇಣು ಅಂತ ಓದ್ತೀಯ?"

"ಅದರಲ್ಲಿ ಯಾರಿಗೂ ಏಟು ಬೀಳಲ್ಲ ಅತ್ತಿಗೆ."

ಹೆಂಡತಿಯ ಚಾಕು ನಿಂತಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಾ ರಕ್ತದ ಹಾಸಿಗೆವಸ್ತ್ರ ಒಗೆಯುವವಳು ಅವಳು. ಅವುಗಳ ಮೇಲೆ ಮಲಗಿದ್ದ ಹೆಂಗಸರು ಜಾರಿದೆ, ಬಿದ್ದೆ ಎಂದು ಬರೆಸಿದ್ದು ಅವಳಿಗೆ ಗೊತ್ತಿತ್ತು. "ನಿಜ ಹೇಳು. ಅವನು..."

"ಎಣ್ಣೆ ಕಾದಿದೆ," ಎಂದಳು ತಂಗಿ. "ಈರುಳ್ಳಿ ಕೊಡಿ."

ಸಭೆಯಲ್ಲಿ ಶನಿವಾರ ಸಂಜೆ ಪ್ರಾರ್ಥನಾ ಕೂಟ. ಕಷ್ಟ ಇದ್ದವರು ಎದ್ದು ನಿಂತು ಪ್ರಾರ್ಥನೆಗೆ ವಿಷಯ ಕೊಡುತ್ತಾರೆ. ಬೇರೆಯವರ ವಿಷಯವನ್ನೂ ಕೊಡಬಹುದು. ಬೀದಿಯಲ್ಲಿ ನಿಂತು ಹೇಳಿದರೆ ಚಾಡಿಯಾಗುವುದು ಇಲ್ಲಿ ಕಣ್ಣು ಮುಚ್ಚಿಕೊಂಡು ಹೇಳಿದರೆ ಭಾರ ಹೊರುವುದಾಗುತ್ತದೆ. ಮೇಷ್ಟ್ರು ಎದ್ದು ನಿಂತರು. ನಮ್ಮ ಮನೆಯ ಒಬ್ಬ ಸಹೋದರಿ ಕೋಪದಲ್ಲಿ ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಅವಳ ಕಲ್ಲಾದ ಹೃದಯ ಕರಗಲಿ ಎಂದು ಪ್ರಾರ್ಥಿಸಿ, ಎಂದರು. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರೂ ಅಯ್ಯೋ ಪಾಪ ಅಂದರು. ಮೇಷ್ಟ್ರ ಬಗ್ಗೆ.

ಮರುದಿನ ಆರಾಧನೆ ಮುಗಿದ ಮೇಲೆ ಪಾಸ್ಟರ ಹೆಂಡತಿ, ಎಲ್ಲರ ಪಾಸ್ಟರಮ್ಮ, ತಂಗಿಯನ್ನು ಬಾಗಿಲಲ್ಲೇ ಹಿಡಿದು ಅಪ್ಪಿಕೊಂಡರು. "ನಾವೆಲ್ಲ ಮೊಣಕಾಲೂರಿ ಬೇಡ್ತಾ ಇದೀವಮ್ಮ. ನಿನ್ನ ಮನಸ್ಸು ಮೆತ್ತಗಾಗಲಿ ಅಂತ." ಸುತ್ತ ನಿಂತವರು ತಲೆಯಾಡಿಸಿದರು. ತಂಗಿ ಅವರ ತೋಳಿನೊಳಗೇ ಮರದ ಹಾಗೆ ನಿಂತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೆಂಡತಿ ಶುರುಮಾಡಿದಳು. "ಅವಳ ಮಾನ ಹರಾಜು ಹಾಕಿ ಬಂದ್ರಾ?"

"ಪ್ರಾರ್ಥನೆಗೆ ಕೊಟ್ಟೆ ಕಣೇ. ಬೈಗುಳ ಕೊಡಲಿಲ್ಲ."

"ಅವಳನ್ನ ಒಂದು ಮಾತು ಕೇಳಿದ್ರಾ, ಯಾಕೆ ಬಂದೆ ಅಂತ?"

"ಜಾರಿ ಬಿದ್ದಳಂತೆ. ಅದಕ್ಕೂ ಮನೆ ಬಿಡೋದಕ್ಕೂ ಏನು ಸಂಬಂಧ? ಬರೋ ಭಾನುವಾರ ಅವಳ ಗಂಡನ್ನ ಊಟಕ್ಕೆ ಕರೆದಿದೀನಿ. ಗಂಡ ಹೆಂಡತಿ ಎದುರುಬದರು ಕೂತರೆ ಎಲ್ಲ ಸರಿಹೋಗುತ್ತೆ."

"ನಿಮಗೆ ಹಿರಿಯರ ಕುರ್ಚಿ ಬೇಕು ಅಷ್ಟೇ."

"ಮಕ್ಕಳ ಮುಂದೆ ಏನು ಮಾತು ಅಂತ ಆಡ್ತೀಯ?"

"ನಾವೇನು ಮಕ್ಕಳಲ್ಲಪ್ಪ," ಎಂದಳು ಮಗಳು. ಔಷಧಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲುವ ಹುಡುಗಿ, ಮೆಲ್ಲಗೆ ಮಾತಾಡುವವಳು. "ಅತ್ತೆ ನಿದ್ದೆಯಲ್ಲಿ ಕೈ ಅಡ್ಡ ಹಿಡೀತಾರೆ. ನಾನು ಮಗ್ಗಲು ಬದಲಿಸಿದ್ರೂ ಹಿಡೀತಾರೆ."

ಮೇಷ್ಟ್ರು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹಲಗೆಯ ಮೇಲೆ ತಂಗಿಯ ಬಾಯಿಯ ಪ್ಲಾಸ್ಟರ್ ಎರಕ ಇತ್ತು. ಹಲ್ಲು ಕಟ್ಟಿ ಮುಗಿದ ಮೇಲೆ ಎರಕ ಒಡೆದುಹಾಕುವುದು ಅವರ ಪದ್ಧತಿ. ಇದನ್ನು ಯಾಕೋ ಒಡೆದಿರಲಿಲ್ಲ. ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಕೆಲಸಕ್ಕೆ ಕೂತರು.

ಭಾನುವಾರ ತಂಗಿಯ ಗಂಡ ಹಣ್ಣಿನ ಬುಟ್ಟಿ ಹಿಡಿದು ಬಂದ. ಅಜ್ಜಿಯ ಕಾಲು ಮುಟ್ಟಿದ, ಮಗನಿಗೆ ಗ್ಯಾರೇಜು ಹೇಗಿದೆ ಎಂದು ಕೇಳಿದ, ಕೋಳಿ ಹುರಿಯುವ ಘಮಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಗಳಿದ. ತಂಗಿಯ ಪಕ್ಕದ ಕುರ್ಚಿಯನ್ನೇ ಅವನಿಗೆ ಬಿಟ್ಟಿದ್ದರು. ನೆಂಟರಿದ್ದಾರೆಂದು ಅವತ್ತು ಮಧ್ಯಾಹ್ನದ ಊಟಕ್ಕೇ ಓದು, ಸರದಿ ಮೇಷ್ಟ್ರದು. ಮರ್ಯಾದೆಗೆಂದು ಪುಸ್ತಕವನ್ನು ಅವನ ಕೈಗೆ ಕೊಟ್ಟರು.

ಅವನು ಪ್ರೀತಿಯ ಅಧ್ಯಾಯವನ್ನು ತೆರೆದ. ಪ್ರೀತಿ ಬಹು ತಾಳ್ಮೆಯುಳ್ಳದ್ದು, ದಯೆಯುಳ್ಳದ್ದು, ಸಿಟ್ಟುಗೊಳ್ಳುವುದಿಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ಮಗಳು ಕೂಡ ಒಂದು ಗಳಿಗೆ ತಲೆಯೆತ್ತಿ ನೋಡಿದಳು. ಓದಿ ಮುಗಿಸಿ ಪುಸ್ತಕ ಮುಚ್ಚಿದ. ಎಲ್ಲರೂ ಆಮೆನ್ ಅಂದರು.

ಅಜ್ಜಿ ತಲೆ ವಾರೆ ಮಾಡಿದರು. "ಒಂದು ಆಮೆನ್ ಕಡಿಮೆ ಬಿತ್ತಲ್ಲ?"

ಆ ಮನೆಯಲ್ಲಿ ಅದುವರೆಗೆ ಹಾಗೆ ಆಗಿರಲಿಲ್ಲ. ಎಷ್ಟೇ ಪೆಟ್ಟು ಬೀಳಲಿ, ಆಮೆನ್ ಬೀಳುತ್ತಿತ್ತು. ತಂಗಿ ಬಾಯಿಗೆ ಬೆರಳು ಹಾಕಿ ಕಟ್ಟಿಸಿಕೊಂಡ ಹಲ್ಲುಗಳನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ತುಟಿ ಒಳಗೆ ಹೋಗಿ ಮುಖ ಒಮ್ಮೆಗೇ ವಯಸ್ಸಾದವಳದ್ದಾಯಿತು.

"ಅಣ್ಣ, ಅಚ್ಚು ತೆಗೆದೋನು ನೀನು," ಎಂದಳು. ಮಾತಿನ ಜೊತೆ ಗಾಳಿ ಹೋಗುತ್ತಿತ್ತು. "ಇವೆರಡೂ ಒಂದೇ ದಿನ ಹೋದ ಹಲ್ಲಾ? ಎಲ್ಲರ ಮುಂದೆ ಹೇಳು. ನೀನು ಏನು ಹೇಳಿದರೂ ನಾನು ಆಮೆನ್ ಅಂತೀನಿ."

ತಂಗಿಯ ಗಂಡ ನಕ್ಕ. "ನೋಡಿ ಭಾವ, ಹೀಗೇ."

ಮೇಷ್ಟ್ರು ಆ ಹಲ್ಲುಗಳನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತವನ ಹಾಡು ಕೇಳಿಸಲೆಂದು ಪಾಸ್ಟರನ್ನೂ ಪಾಸ್ಟರಮ್ಮನನ್ನೂ ಸಂಜೆ ಚಹಾಕ್ಕೆ ಕರೆದಿದ್ದರು.

"ಊಟದ ಹೊತ್ತಿನಲ್ಲಿ ಇದೆಲ್ಲ ಯಾಕೆ?" ಎಂದರು. "ಹಾಕ್ಕೋ ಅದನ್ನ. ಮೊದಲು ಊಟ ಮಾಡು."

ತಂಗಿ ಹಲ್ಲನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. "ಆಮೆನ್," ಎಂದಳು.

ಊಟ ಮಾಡಿದಳು. ಪಾತ್ರೆ ತೊಳೆದಳು. ಅತ್ತಿಗೆ ಹಿತ್ತಲಲ್ಲಿ ಅವಳ ಕೈ ಹಿಡಿದು "ಹೋಗಬೇಡ, ನಾನಿದೀನಿ," ಎಂದಾಗ, "ನಿಮ್ಮ ಮನೆ ಅಣ್ಣನ ಮನೆ ಅತ್ತಿಗೆ. ಅವನಿಗೇ ಬೇಡ ಅಂದ ಮೇಲೆ ಯಾಕೆ," ಎಂದು ಕೈ ಬಿಡಿಸಿಕೊಂಡಳು. ಸಂಜೆ ಪಾಸ್ಟರು ಚಹಾ ಕುಡಿದು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಕೇಳಿದ ದೇವರಿಗೆ ಸ್ತೋತ್ರ ಎಂದರು. ತಂಗಿಯ ಗಂಡ ಹಾಡಿದ. ಪಾಸ್ಟರಮ್ಮ ಕಣ್ಣೊರೆಸಿಕೊಂಡರು. ತಂಗಿ ಅದೇ ಒಂದು ಬ್ಯಾಗು ಹಿಡಿದು ಅವನ ಹಿಂದೆ ನಡೆದಳು.

ಸೋಮವಾರದಿಂದ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹೆಂಡತಿ ಗಂಡನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮಗ ಅಲಾರಂ ಇಲ್ಲದೆ ಎದ್ದು ಬಾತ್‌ರೂಮಿಗೆ ಹೋಗಿ, ಬಕೆಟ್ಟಿನ ಹತ್ತಿರ ಸುಮ್ಮನೆ ನಿಂತು, ಹಲ್ಲುಜ್ಜಿ ಹೊರಗೆ ಬರುತ್ತಿದ್ದ. ಮೇಷ್ಟ್ರು ತಮ್ಮ ಸರದಿಗೆ ಒಂದು ಸ್ತೋತ್ರದ ಭಾಗ ಓದಿದರು, ಯಾರಿಗೂ ತಾಗದಂಥದ್ದು. ಅದೂ ತಮಗೇ ತಾಗಿತು. ಡಾಕ್ಟರು ಎರಡು ಸೆಟ್ಟು ಹಲ್ಲು ವಾಪಸು ಕಳಿಸಿದರು, ಕಚ್ಚಿದರೆ ಮೇಲಿನದು ಕೆಳಗಿನದಕ್ಕೆ ಕೂಡುತ್ತಿಲ್ಲ ಎಂದು. ಮೇಷ್ಟ್ರ ಕೈಯ ಕೆಲಸ ಹಿಂದೆ ವಾಪಸು ಬಂದದ್ದು ಯಾರಿಗೂ ನೆನಪಿರಲಿಲ್ಲ. ಅವರು ಅದನ್ನು ಸುಮ್ಮನೆ ತೆಗೆದುಕೊಂಡರು. ಬೇರೆ ದಿನವಾಗಿದ್ದರೆ ಡಾಕ್ಟರನ್ನೇ ತಿದ್ದುತ್ತಿದ್ದರು.

ಗುರುವಾರ ಎಲ್ಲರೂ ಕೂತರು. ಯಾರೂ ಪುಸ್ತಕ ಮುಟ್ಟಲಿಲ್ಲ.

"ಇವತ್ತು ಯಾರ ಸರದಿ?" ಅಜ್ಜಿ ಕೇಳಿದರು. ಅವರಿಗೆ ಗೊತ್ತಿತ್ತು.

"ಅತ್ತೆದು," ಎಂದ ಮಗ.

"ಅವಳು ಎಲ್ಲಿಗೆ ನಿಲ್ಲಿಸಿದ್ದಾಳೋ ಅಲ್ಲಿಂದ ಓದು," ಎಂದರು ಅಜ್ಜಿ ಮೇಷ್ಟ್ರಿಗೆ. "ಅವಳ ಸರದಿ ತಪ್ಪಬಾರದು."

ದಾರದೆಳೆ ಇದ್ದಲ್ಲಿ ಮೇಷ್ಟ್ರು ಪುಸ್ತಕ ತೆರೆದರು. ಅವನ ಪಕ್ಕದಲ್ಲಿ ಇಂಥವನು ಕಟ್ಟಿದನು. ಅವನ ಪಕ್ಕದಲ್ಲಿ ಅಕ್ಕಸಾಲಿಗರವನು. ಒಬ್ಬನ ಪಕ್ಕದಲ್ಲಿ ಅವನ ಹೆಣ್ಣುಮಕ್ಕಳೂ ನಿಂತು ಕಟ್ಟಿದ್ದರು. ಒಂದು ಊರಿನ ದೊಡ್ಡವರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲವಂತೆ, ಅದನ್ನೂ ಬರೆದಿಟ್ಟಿದ್ದರು. ಮತ್ತೆ ಅವನ ಪಕ್ಕದಲ್ಲಿ, ತನ್ನ ಮನೆಯ ಎದುರಿಗೆ, ಒಬ್ಬನು. ಅವನ ಪಕ್ಕದಲ್ಲಿ, ತನ್ನ ಮನೆಯ ಎದುರಿಗೆ, ಇನ್ನೊಬ್ಬನು. ಮೇಷ್ಟ್ರ ಪಕ್ಕದ ಕುರ್ಚಿ ಖಾಲಿ ಇತ್ತು. ಅವರು ಒಂದು ಹೆಸರಿನ ಮೇಲೆ ಎರಡು ಸಲ ಎಡವಿ, ನಿಲ್ಲಿಸಿದರು.

ಯಾರೂ ಆಮೆನ್ ಅನ್ನಲಿಲ್ಲ.

"ಅವಳು ಅವತ್ತು ಕೇಳಿದಳಲ್ಲ," ಎಂದರು ಅಜ್ಜಿ. "ಎರಡೂ ಒಂದೇ ದಿನ ಹೋದವಾ ಅಂತ. ನೀನು ಉತ್ತರ ಕೊಡಲಿಲ್ಲ."

ಓದಿದ ಮೇಲೆ ಮಾತಾಡುವ ಹಾಗಿಲ್ಲ ಎಂದು ಮೇಷ್ಟ್ರು ಹೇಳಲಿಲ್ಲ. "ಇಲ್ಲಮ್ಮ. ಒಂದು ಹೋಗಿ ಬಹಳ ಕಾಲ ಆಗಿತ್ತು."

"ನಿನಗೆ ಯಾವಾಗ ಗೊತ್ತಾಯ್ತು?"

"ಅಚ್ಚು ತೆಗೆದ ದಿನ. ಅದಕ್ಕೂ ಮುಂಚೆ. ಬಾಯಿ ತೆರೆದ ಕೂಡಲೇ."

ಹೆಂಡತಿ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ಅನುಮಾನವಿತ್ತು. ಗಂಡನಿಗೆ ಖಾತ್ರಿಯಿತ್ತು ಎಂಬುದು ಗೊತ್ತಿರಲಿಲ್ಲ.

"ನನಗೆ ಕಣ್ಣು ಕಾಣಲ್ಲ," ಎಂದರು ಅಜ್ಜಿ. "ಕುರುಡಿ ನಾನು. ಕಂಡವನು ನೀನು. ಕಂಡೂ ಅವಳಿಗೇ ಓದಿದೆಯಲ್ಲೋ."

ಮೇಷ್ಟ್ರು ತಲೆ ತಗ್ಗಿಸಿದರು. ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮಗನ ಮುಂದೆ, ಮಗಳ ಮುಂದೆ, ತಟ್ಟೆಯ ಮುಂದೆ ಕೂತು ಅವರು ಅತ್ತರು. ಮಗಳು ಎದ್ದು ಪುಸ್ತಕ ಮುಚ್ಚಿ, ದಾರವನ್ನು ಮುಂದಕ್ಕೆ ಇಟ್ಟಳು. ಅನ್ನ ಆರಿ ಹೋಗಿತ್ತು. ಹಾಗೆಯೇ ಮುಚ್ಚಿಟ್ಟರು.

ಬೆಳಿಗ್ಗೆ ಮೊದಲ ಬಸ್ಸಿಗೆ ಮೇಷ್ಟ್ರು ಮತ್ತು ಹೆಂಡತಿ ಹೊರಟರು. ನಾನೂ ಬರ್ತೀನಿ ಎಂದು ಮಗ ಗ್ಯಾರೇಜಿಗೆ ರಜೆ ಹೇಳಿ ಬಂದ. ದಾರಿಯುದ್ದಕ್ಕೂ ಮೇಷ್ಟ್ರು ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದರು. ಮುಂಚಿನ ಅಭ್ಯಾಸ, ವಾಕ್ಯಗಳೇ ನೆನಪಾಗುತ್ತಿದ್ದವು. ಅವನಿಗೆ ಎಸೆಯಲು ಒಳ್ಳೊಳ್ಳೆಯವು ಸಿಕ್ಕವು. ತಮಗೇ ಅಸಹ್ಯವಾಗಿ ಬಿಟ್ಟುಬಿಟ್ಟರು.

ಬಾಗಿಲು ತೆರೆದವನು ತಂಗಿಯ ಗಂಡ. "ಬನ್ನಿ ಭಾವ, ಹೇಳದೆ ಕೇಳದೆ ಬಂದ್ರಲ್ಲ. ಇವಳು ನೋಡಿ, ಎಷ್ಟು ಹೇಳಿದ್ರೂ ಕೇಳಲ್ಲ, ಬಾತ್‌ರೂಮಿನಲ್ಲಿ ಮತ್ತೆ..."

ತಂಗಿ ಒಳಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಬಾತ್‌ರೂಮಿನಲ್ಲಿ ಬಿದ್ದ ಬಾಯಿ ಹಾಗಿರಲ್ಲ," ಎಂದರು ಮೇಷ್ಟ್ರು. ದನಿ ಅವರದ್ದೇ ಎಂದು ಗುರುತು ಸಿಗದಷ್ಟು ಚಿಕ್ಕದಾಗಿತ್ತು. "ನೀವು ಹೊಡೆದದ್ದು. ಹಿಂದೆಯೂ ಹೊಡೆದಿದ್ದಿರಿ. ನನಗೆ ಮೊದಲಿಂದ ಗೊತ್ತು. ನಿಮ್ಮ ಸಭೆಯಲ್ಲಿ, ನಮ್ಮ ಸಭೆಯಲ್ಲಿ, ಎಲ್ಲಿ ಬೇಕಾದರೂ ನಿಂತು ಹೇಳ್ತೀನಿ. ಅವಳು ನಮ್ಮ ಜೊತೆ ಬರ್ತಾಳೆ."

ಅವನು ಏನೋ ಹೇಳಲು ಬಂದ. ಮಗ ಒಂದು ಹೆಜ್ಜೆ ಮುಂದೆ ಬಂದು ಬಾಗಿಲಿಗೆ ಅಡ್ಡವಾಗಿ ನಿಂತ. ಹೆಂಡತಿ ನಾದಿನಿಯ ಹೆಗಲ ಮೇಲೆ ಕೈಹಾಕಿ ಒಳಗೆ ಹೋಗಿ ಬಟ್ಟೆ ತುಂಬಿದಳು. ಈ ಸಲ ಎರಡು ಬ್ಯಾಗಾಯಿತು.

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ತಂಗಿ ಮೊದಲ ಮಾತು ಆಡಿದಳು. "ಭಾನುವಾರ ಹೇಳಬಹುದಿತ್ತು ಅಣ್ಣ."

"ಹೂಂ," ಎಂದರು ಮೇಷ್ಟ್ರು.

ಶನಿವಾರ ಕೂಟದಲ್ಲಿ ಅವರು ಎದ್ದು ನಿಂತು, ಕಣ್ಣು ತೆರೆದುಕೊಂಡೇ, ಎಲ್ಲ ಹೇಳಿದರು. ಹಿರಿಯರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಪಾಸ್ಟರಮ್ಮ ಮರುದಿನ ಬಾಗಿಲಲ್ಲಿ ತಂಗಿಯನ್ನು ಕಂಡು ಬೇರೆ ಕಡೆ ನೋಡಿದರು. ತಪ್ಪು ತಮ್ಮದೂ ಇದೆ ಎಂದು ಗೊತ್ತಾದವರು ಮೊದಲು ಹಾಗೆಯೇ ನೋಡುತ್ತಾರೆ.

ತಂಗಿ ಮನೆಗೆ ಬಂದಳು, ಮೇಜಿಗೆ ಬರಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂತು ಬಟ್ಟಲಿನಲ್ಲಿ ಉಣ್ಣುತ್ತಿದ್ದಳು. ಎರಡು ದಿನ ಕಳೆದ ಮೇಲೆ ಅಜ್ಜಿಯೂ ತಟ್ಟೆ ಎತ್ತಿಕೊಂಡು ಗೋಡೆ ತಡವುತ್ತ ಅಲ್ಲಿಗೇ ಹೋದರು. ಆಮೇಲೆ ಮಗಳು. ಮೇಜಿನ ಹತ್ತಿರ ಮೇಷ್ಟ್ರು ಪುಸ್ತಕ ತೆರೆಯದೆ ಕೂತಿರುತ್ತಿದ್ದರು.

ಊತ ಇಳಿದ ಮೇಲೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಚ್ಚು ತೆಗೀಬೇಕು," ಎಂದರು. "ಹಳೇದು ಇನ್ನು ಕೂರಲ್ಲ."

ತಂಗಿ ಬಂದು ಅದೇ ಕುರ್ಚಿಯಲ್ಲಿ ಕೂತಳು. ಅವರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಬಗ್ಗಿದರು. ಬಾಯಿ ತೆರೆದಳು. ಎಡಗಡೆ ಮಾಗಿದ ಜಾಗ, ಬಲಗಡೆ ಮಾಗುತ್ತಿರುವ ಜಾಗ, ಅದರ ಪಕ್ಕದಲ್ಲಿ ಇನ್ನೊಂದು, ಹೊಸದು. ಅದು ಭಾನುವಾರ ರಾತ್ರಿಯದು ಎಂದು ಅವರು ಕೇಳಬೇಕಾಗಿರಲಿಲ್ಲ. ಗಾಜಿನ ಮೇಲೆ ಹಬೆ ಕೂತಿತು. ಒರೆಸಿದರು, ಮತ್ತೆ ಕೂತಿತು. ಅವರು ಹಿಂದಕ್ಕೆ ಸರಿದು ಭೂತಗನ್ನಡಿ ಬಿಚ್ಚಿದರು.

"ಕಾಣ್ತಾ ಇಲ್ಲ," ಎಂದರು.

ತಂಗಿ ಬಾಯಿ ಮುಚ್ಚಿ, ಅವರ ಕೈಯಿಂದ ಭೂತಗನ್ನಡಿ ತೆಗೆದುಕೊಂಡು, ತನ್ನ ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟಳು.

"ಕಾಣುತ್ತೆ ಅಣ್ಣ," ಎಂದಳು. "ನೋಡು."

ಮತ್ತೆ ಬಾಯಿ ತೆರೆದಳು.